ಗಾಡಿ ಓಡುವಾಗ ಕ್ಯಾಮೆರಾ ದನ, ಜನ ಗುರುತಿಸದಿದ್ದರೆ: ಲಕ್ಷಣ ಹಿಡಿದು ದೋಷ ಹುಡುಕುವ ಕೈಪಿಡಿ

ಅಂಕೋಲಾದಿಂದ ಭಟ್ಕಳದವರೆಗೆ ಹೆದ್ದಾರಿಯ ಮೇಲೆ ರಾತ್ರಿ ಮಲಗುವ ದನಗಳು, ನಸುಕಿನಲ್ಲಿ ಮೀನುಬುಟ್ಟಿ ಹೊತ್ತು ರಸ್ತೆ ದಾಟುವ ಹೆಂಗಸರು, ದೇವಿಮನೆ ಘಟ್ಟದ ತಿರುವಿನಲ್ಲಿ ತಟ್ಟನೆ ಎದುರಾಗುವ ಬೈಕು. ಇವನ್ನು ಮೊದಲೇ ಕಂಡು ಎಚ್ಚರಿಸಲಿ ಎಂದೇ ಜೀಪು, ಟೆಂಪೊ, ಶಾಲಾ ವ್ಯಾನುಗಳಿಗೆ ಕ್ಯಾಮೆರಾ ಹಾಕಿಸುತ್ತಾರೆ. ಅದು ಎಚ್ಚರಿಸದೇ ಹೋದಾಗ ಬೈಗುಳ ಬೀಳುವುದು ಸಾಫ್ಟ್‌ವೇರಿಗೆ. ಆದರೆ ಬಹಳಷ್ಟು ಸಲ ತಪ್ಪು ಇರುವುದು ಕ್ಯಾಮೆರಾ ಎತ್ತ ಮುಖ ಮಾಡಿದೆ, ಎಷ್ಟು ದೂರಕ್ಕೆ ಮುಖ ಮಾಡಿದೆ ಎಂಬುದರಲ್ಲಿ.

ಎಷ್ಟು ದೂರ ಎಂಬುದನ್ನು ಮೊದಲು ತೀರ್ಮಾನಿಸಿಕೊಳ್ಳಿ. ಚಾಲಕ ಬ್ರೇಕಿಗೆ ಕಾಲಿಡಲು ಒಂದೂವರೆ ಸೆಕೆಂಡು ಬೇಕು, ಒದ್ದೆ ಡಾಂಬರಿನ ಹಿಡಿತ (ಘರ್ಷಣಾಂಕ) 0.4 ಎಂದು ಹಿಡಿದರೆ, ಗಂಟೆಗೆ 40 ಕಿ.ಮೀ. ವೇಗದ ಗಾಡಿ ನಿಲ್ಲಲು ಸುಮಾರು 32 ಮೀಟರ್ ಬೇಕು. 60ಕ್ಕೆ ಸುಮಾರು 60 ಮೀಟರ್, 80ಕ್ಕೆ ಸುಮಾರು 96 ಮೀಟರ್. ಘಟ್ಟ ಇಳಿಯುವಾಗ ಇನ್ನಷ್ಟು ಸೇರಿಸಿಕೊಳ್ಳಬೇಕು. ಈ ದೂರದೊಳಗೆ ಬಂದ ಮೇಲೆ ಸಿಗುವ ಎಚ್ಚರಿಕೆಯಿಂದ ಗಾಡಿ ನಿಲ್ಲುವುದಿಲ್ಲ. ಕೆಳಗಿನ ಪ್ರತಿಯೊಂದು ಹೊಂದಾಣಿಕೆಯ ಉದ್ದೇಶವೂ ಈ ದೂರವನ್ನು ಚಿತ್ರದಲ್ಲಿ ಸರಿಯಾದ ಜಾಗದಲ್ಲಿ, ಸಾಕಷ್ಟು ದೊಡ್ಡದಾಗಿ ತರುವುದು.

ಉದಾಹರಣೆಗಳಿಗೆಲ್ಲ ಒಂದೇ ಅಳತೆ ಇಟ್ಟುಕೊಂಡಿದೆ: ಚಿತ್ರ 1920×1080 ಪಿಕ್ಸೆಲ್, ಲೆನ್ಸಿನ ಅಡ್ಡ ನೋಟ 60 ಡಿಗ್ರಿ, ಕ್ಯಾಮೆರಾ ನೆಲದಿಂದ 1.3 ಮೀಟರ್ ಎತ್ತರ. ಈ ಅಳತೆಯಲ್ಲಿ ಚಿತ್ರದ ನಡುಭಾಗದ ಒಂದು ಡಿಗ್ರಿ ಎಂದರೆ 29 ಪಿಕ್ಸೆಲ್.

ಕೈ ಹಾಕುವ ಮುನ್ನ

ಓಡುವ ಗಾಡಿಯಲ್ಲಿ ಕ್ಯಾಮೆರಾ ತಿರುಗಿಸಬೇಡಿ, ಚಾಲಕನ ಪಕ್ಕದಲ್ಲಿ ಕುಳಿತವರೂ ಬೇಡ. ಘಟ್ಟದ ಅಂಚಿನಲ್ಲಿ ನಿಲ್ಲಿಸಿ ನೋಡುವುದೂ ಬೇಡ. ಅಲ್ಲಿ ಹಿಂದಿನಿಂದ ಬರುವ ಲಾರಿಗೆ ನೀವು ಕಾಣುವುದೇ ತಡವಾಗಿ. ಸಮತಟ್ಟಾದ ಅಂಗಳಕ್ಕೆ ತಂದು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಡಿ. ದಿಕ್ಕು ನೋಡಲು ಲೇಸರ್ ಟಾರ್ಚ್ ಬಳಸಬೇಡಿ, ಕಣ್ಣಿಗೂ ಕ್ಯಾಮೆರಾದ ಸೆನ್ಸರಿಗೂ ಅಪಾಯ. ಗಾಡಿಯ ಕಂಪನಿಯೇ ಮುಂದಿನ ಗಾಜಿಗೆ ಕೂರಿಸಿದ ಕ್ಯಾಮೆರಾ ತಾನಾಗಿ ಬ್ರೇಕ್ ಹಾಕುವಂಥದ್ದಾದರೆ ಅದರ ಒಂದು ಸ್ಕ್ರೂವನ್ನೂ ಮುಟ್ಟಬೇಡಿ. ಗಾಜು ಬದಲಾಯಿಸಿದ ಮೇಲೂ ಅದನ್ನು ಸರ್ವಿಸ್ ಕೇಂದ್ರದಲ್ಲೇ ಅಳತೆಗೆ ಕೂರಿಸಿಕೊಳ್ಳಬೇಕು. ಇಲ್ಲಿ ಹೇಳುವುದೆಲ್ಲ ಆಮೇಲೆ ಹಾಕಿಸಿಕೊಂಡ, ಎಚ್ಚರಿಕೆ ಕೊಡುವ ಅಥವಾ ದಾಖಲಿಸುವ ಕ್ಯಾಮೆರಾಗಳಿಗೆ.

"ಮೊನ್ನೆಯವರೆಗೆ ಸರಿ ಇತ್ತು, ಈಗ ಏನನ್ನೂ ಹಿಡಿಯುತ್ತಿಲ್ಲ"

ಒಮ್ಮೆಗೇ ಕೆಟ್ಟಿದ್ದರೆ ಮೊದಲು ಗಾಜು ನೋಡಿ. ಕಾರವಾರ, ಹಾರವಾಡ, ಮುರ್ಡೇಶ್ವರದ ಕಡೆ ಕಡಲಿಗೆ ಹತ್ತಿರ ನಿಲ್ಲುವ ಗಾಡಿಯ ಗಾಜಿನ ಮೇಲೆ ಉಪ್ಪಿನ ಪದರ ಕೂರುತ್ತದೆ. ಕಣ್ಣಿಗೆ ಅಷ್ಟಾಗಿ ಕಾಣದಿದ್ದರೂ ಎದುರು ಬೆಳಕಿನಲ್ಲಿ ಇಡೀ ಚಿತ್ರ ಹಾಲಿನಂತೆ ಬಿಳುಚುತ್ತದೆ. ಒಣಬಟ್ಟೆಯಿಂದ ಉಜ್ಜಿದರೆ ಗೀರು ಬೀಳುತ್ತದೆ. ಮೊದಲು ಸಿಹಿನೀರು ಹಾಕಿ, ಆಮೇಲೆ ಮೆತ್ತನೆ ಬಟ್ಟೆಯಿಂದ ಒರೆಸಿ. ಗಾಜಿನ ಒಳಬದಿಯನ್ನೂ ಮರೆಯಬೇಡಿ.

ಮುಂದಿನದು ಬ್ರಾಕೆಟ್. ಬೆರಳಿನಿಂದ ಮೆಲ್ಲಗೆ ಒತ್ತಿ ನೋಡಿ. ಅಲುಗಿದರೆ ದಿಕ್ಕು ಹೊಂದಿಸುವ ಮಾತು ಆಮೇಲೆ, ಮೊದಲು ಅದು ಗಟ್ಟಿಯಾಗಬೇಕು. ರಬ್ಬರ್ ಬಟ್ಟಲಿನ ಹಿಡಿತ ಬೇಸಿಗೆಯ ಬಿಸಿಲಿಗೆ ಸಡಿಲಾಗಿ ಕ್ಯಾಮೆರಾ ದಿನಕ್ಕಿಷ್ಟರಂತೆ ಮೂಗು ಕೆಳಗೆ ಹಾಕುತ್ತದೆ. ದಿಗಂತ ಚಿತ್ರದಲ್ಲಿ ನಿಧಾನವಾಗಿ ಮೇಲೆ ಏರುತ್ತಾ ಹೋಗಿದ್ದರೆ ಕಾರಣ ಇದೇ. ಗುರುತು ಹಿಡಿಯುವ ಕ್ಯಾಮೆರಾಕ್ಕೆ ರಬ್ಬರ್ ಬಟ್ಟಲು ಬೇಡ. ಗಟ್ಟಿ ಫೋಮ್‌ನ ಡಬಲ್ ಟೇಪ್ ಬಳಸಿ. ಗಾಜನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಅಂಟಿಸಿ ಅರ್ಧ ನಿಮಿಷ ಒತ್ತಿ ಹಿಡಿಯಿರಿ. ಪೂರ್ತಿ ಬಲ ಬರಲು 72 ಗಂಟೆ ಬೇಕು, ಅಷ್ಟರವರೆಗೆ ಘಟ್ಟ ಹತ್ತಿಸದಿದ್ದರೆ ಒಳ್ಳೆಯದು. ಮಳೆಗಾಲದಲ್ಲಿ ಗಾಜಿನ ಮೇಲೆ ತೇವದ ಪದರ ಸದಾ ಇರುವುದರಿಂದ ಎ.ಸಿ. ಹಾಕಿ ಗಾಜು ಒಣಗಿಸಿಕೊಂಡೇ ಅಂಟಿಸಿ.

ಛಾವಣಿಯ ಮೇಲಿನ ಕ್ಯಾಮೆರಾ ಆದರೆ ಬೋಲ್ಟು ಸ್ಟೇನ್‌ಲೆಸ್ ಸ್ಟೀಲಿನದಿರಲಿ, ನಟ್ಟು ನೈಲಾನ್ ಬಳೆ ಇರುವಂಥದ್ದಿರಲಿ. ಅಲ್ಯೂಮಿನಿಯಂ ಬ್ರಾಕೆಟ್ಟಿಗೆ ಸ್ಟೀಲ್ ಬೋಲ್ಟು ನೇರ ತಾಗಿದರೆ ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ ತಿಂದುಹೋಗುತ್ತದೆ; ನಡುವೆ ನೈಲಾನ್ ವಾಷರ್ ಕೊಡಿ. ಬೋಲ್ಟಿನ ಸುತ್ತ ಬಿಳಿ ಪುಡಿ ಕಂಡರೆ ತಿನ್ನುವುದು ಶುರುವಾಗಿದೆ ಎಂದರ್ಥ.

"ಹತ್ತಿರ ಬಂದ ಮೇಲಷ್ಟೇ ದನ ಗುರುತಿಸುತ್ತದೆ"

ಅತಿ ಸಾಮಾನ್ಯವಾದ ದೂರು ಇದು. ಕಾರಣ ಮೂರು ಇರಬಹುದು: ಲೆನ್ಸು ಬಹಳ ಅಗಲ, ಚಿತ್ರವನ್ನು ಸಾಫ್ಟ್‌ವೇರ್ ಕುಗ್ಗಿಸುತ್ತಿದೆ, ಇಲ್ಲವೇ ಮೂಗು ತೀರಾ ಕೆಳಗಿದೆ. ಯಾವುದೆಂದು ತಿಳಿಯಲು ಲೆಕ್ಕ ಹಾಕಬೇಕು, ಆದರೆ ಲೆಕ್ಕ ಸುಲಭ.

ನಮ್ಮ ಕಡೆಯ ಮಲೆನಾಡು ಗಿಡ್ಡ ತಳಿಯ ಆಕಳು ಒಂದು ಮೀಟರ್ ಎತ್ತರವೂ ಇರುವುದಿಲ್ಲ. 90 ಸೆಂ.ಮೀ. ಎಂದು ಹಿಡಿಯಿರಿ. 60 ಡಿಗ್ರಿ ಲೆನ್ಸಿನಲ್ಲಿ, 60 ಮೀಟರ್ ದೂರದಲ್ಲಿ ಅದು 25 ಪಿಕ್ಸೆಲ್ ಎತ್ತರ ಕಾಣುತ್ತದೆ. ಅದೇ 120 ಡಿಗ್ರಿಯ ಅಗಲ ಲೆನ್ಸಿನಲ್ಲಿ ಬರೀ 8 ಪಿಕ್ಸೆಲ್. ದೊಡ್ಡ ಜಾತಿಯ ಹಸುಗಳ ಮೇಲೆ ಹೊಂದಿಸಿದ ದೂರ ಇಲ್ಲಿಗೆ ಹೊಂದದಿರುವುದು ಈ ಕಾರಣಕ್ಕೂ. ಮಲಗಿದ ಆಕಳು ಇನ್ನೂ ಗಿಡ್ಡ.

ಗುರುತಿಸುವ ಸಾಫ್ಟ್‌ವೇರಿಗೆ ಒಂದು ವಸ್ತು ಸುಮಾರು 20 ಪಿಕ್ಸೆಲಿಗಿಂತ ಕಿರಿದಾದರೆ ಅದು ಕಲ್ಲೋ, ಚೀಲವೋ, ಕರುವೋ ಎಂದು ನಂಬಿಕೆಯಿಂದ ಹೇಳುವುದು ಕಷ್ಟ. ಈ ಸಾಫ್ಟ್‌ವೇರ್ ಓಡುವ ಅನೇಕ ಪೆಟ್ಟಿಗೆಗಳು 1920 ಅಗಲದ ಚಿತ್ರವನ್ನು 640ಕ್ಕೆ ಕುಗ್ಗಿಸಿಯೇ ಒಳಗೆ ಕಳಿಸುತ್ತವೆ. ಅಲ್ಲಿಗೆ ಆ 25 ಪಿಕ್ಸೆಲ್ 8 ಆಯಿತು, 8 ಇದ್ದದ್ದು 3ಕ್ಕಿಳಿಯಿತು. ಪರದೆಯ ಮೇಲೆ ನಿಮಗೆ ಸ್ಪಷ್ಟವಾಗಿ ಕಾಣುವ ದನ ಯಂತ್ರದ ಒಳಗೆ ಚುಕ್ಕೆ.

ಅಗ್ಗದ ಪರಿಹಾರ ಸೆಟ್ಟಿಂಗಿನಲ್ಲೇ ಇದೆ. ಇಡೀ ಚಿತ್ರ ಕುಗ್ಗಿಸುವ ಬದಲು, ದಿಗಂತದ ಸುತ್ತಲಿನ 640×640 ತುಂಡನ್ನು ಹಾಗೆಯೇ ಕತ್ತರಿಸಿ ಕಳಿಸುವ ಆಯ್ಕೆ ಇದೆಯೇ ನೋಡಿ. ಆಗ 25 ಪಿಕ್ಸೆಲ್ 25 ಆಗಿಯೇ ಉಳಿಯುತ್ತದೆ. ಈ ತುಂಡು ಸುಮಾರು 22 ಡಿಗ್ರಿ ಅಗಲವನ್ನಷ್ಟೇ ನೋಡುತ್ತದೆ, ನೇರ ರಸ್ತೆಗೆ ಅದು ಸಾಕು. ಆ ಆಯ್ಕೆ ಇಲ್ಲದಿದ್ದರೆ ಕಿರಿ ನೋಟದ ಲೆನ್ಸು ಹಾಕಿಸಬೇಕಾಗುತ್ತದೆ. ನೋಟ ಅಗಲವಿದ್ದಷ್ಟೂ ಒಳ್ಳೆಯದೆಂದು ಅಂಗಡಿಯಲ್ಲಿ ಹೇಳುತ್ತಾರೆ. ಅಪಘಾತದ ದಾಖಲೆಗೆ ಆ ಮಾತು ಸರಿ, ದೂರದ ದನ ಹಿಡಿಯಲು ಅಲ್ಲ.

ಇನ್ನು ಮೂಗಿನ ಕೋನ. ಬಾನೆಟ್ ಚಿತ್ರದ ಕಾಲುಭಾಗ ತುಂಬಿದ್ದರೆ ಕ್ಯಾಮೆರಾ ನೆಲ ನೋಡುತ್ತಿದೆ. ಆಕಾಶವೇ ಅರ್ಧಕ್ಕಿಂತ ಹೆಚ್ಚಿದ್ದರೆ ಮೇಲೆ ನೋಡುತ್ತಿದೆ. 1080 ಸಾಲಿನ ಚಿತ್ರದಲ್ಲಿ ದಿಗಂತ ಮೇಲಿನಿಂದ 400ರಿಂದ 450ನೇ ಸಾಲಿನ ನಡುವೆ ಬರಬೇಕು. ಎಂದರೆ ಮೂಗು 3ರಿಂದ 5 ಡಿಗ್ರಿ ಕೆಳಗೆ. ಆಗ 60 ಮೀಟರ್ ದೂರದ ನೆಲ ದಿಗಂತಕ್ಕಿಂತ ಬರೀ 36 ಪಿಕ್ಸೆಲ್ ಕೆಳಗಿರುತ್ತದೆ. ಒಂದೂಕಾಲು ಡಿಗ್ರಿ ಹೆಚ್ಚುಕಡಿಮೆಯಾದರೆ ಆ ಇಡೀ ಅಂತರವೇ ಹೋಯಿತು. ಅದಕ್ಕೇ ಕಣ್ಣಂದಾಜು ಸಾಲದು, ಗೋಡೆ ಬೇಕು.

ಗೋಡೆಯ ಪರೀಕ್ಷೆ ಹೀಗೆ. ಸಮತಟ್ಟು ನೆಲದಲ್ಲಿ, ಲೆನ್ಸಿನಿಂದ ಸರಿಯಾಗಿ 10 ಮೀಟರ್ ದೂರ ಗೋಡೆ ಇರುವಂತೆ ಗಾಡಿ ನಿಲ್ಲಿಸಿ. ಚಕ್ರದ ಗಾಳಿ ಮೊದಲೇ ಸರಿ ಮಾಡಿಕೊಂಡಿರಿ. ಗೌಂಡಿಗಳು ಗೋಡೆ ನೆಟ್ಟಗಿದೆಯೇ ನೋಡುವ ಗುಂಡಿನ ದಾರವನ್ನು ಗಾಡಿಯ ಮೂತಿಯ ನಟ್ಟನಡುವಿನಿಂದ ಒಮ್ಮೆ, ಹಿಂಭಾಗದ ನಟ್ಟನಡುವಿನಿಂದ ಒಮ್ಮೆ ಇಳಿಬಿಟ್ಟು ನೆಲದಲ್ಲಿ ಸೀಮೆಸುಣ್ಣದ ಗುರುತು ಹಾಕಿ. ಆ ಎರಡು ಗುರುತು ಸೇರಿಸುವ ದಾರವನ್ನು ಗೋಡೆಯವರೆಗೆ ಎಳೆಯಿರಿ. ಅದು ಗಾಡಿಯ ನಡುಗೆರೆ. ಕ್ಯಾಮೆರಾ ಎಷ್ಟು ಪಕ್ಕಕ್ಕಿದೆಯೋ ಗೋಡೆಯ ಮೇಲೂ ಅಷ್ಟೇ ಪಕ್ಕಕ್ಕೆ ಒಂದು ನೆಟ್ಟನೆ ಗೆರೆ ಎಳೆಯಿರಿ. ಅದರ ಮೇಲೆ ನೆಲದಿಂದ 130 ಸೆಂ.ಮೀ. ಎತ್ತರಕ್ಕೆ ಒಂದು ಟೇಪು, 60 ಸೆಂ.ಮೀ. ಎತ್ತರಕ್ಕೆ ಇನ್ನೊಂದು. ಚಿತ್ರದ ನಟ್ಟನಡು ಕೆಳಗಿನ ಟೇಪಿನ ಮೇಲೆ ಕುಳಿತರೆ ಮೂಗು 4 ಡಿಗ್ರಿ ಕೆಳಗಿದೆ, ಮೇಲಿನ ಟೇಪೇ ದಿಗಂತದ ಸಾಲು. ಹತ್ತು ಮೀಟರಿನಲ್ಲಿ ಒಂದು ಡಿಗ್ರಿ ಎಂದರೆ ಹದಿನೇಳೂವರೆ ಸೆಂ.ಮೀ., ಆದ್ದರಿಂದ ಟೇಪಿನಿಂದ ನಾಲ್ಕು ಬೆರಳು ಆಚೀಚೆಯಾದರೆ ಪರವಾಗಿಲ್ಲ, ಒಂದು ಗೇಣಾದರೆ ಮತ್ತೆ ಹೊಂದಿಸಿ. ಗೋಡೆಯ ನೆಟ್ಟನೆ ಗೆರೆ ಚಿತ್ರದಲ್ಲಿ ಓರೆಯಾಗಿ ಕಂಡರೆ ಕ್ಯಾಮೆರಾ ತಲೆ ವಾಲಿಸಿದೆ, ಅದನ್ನು ಮೊದಲು ನೇರ ಮಾಡಿ.

ಇಲ್ಲಿ ಪದೇ ಪದೇ ಆಗುವ ತಪ್ಪೊಂದಿದೆ. ಕನ್ನಡಿಯ ಪಕ್ಕ 30 ಸೆಂ.ಮೀ. ಆಚೆ ಕೂರಿಸಿದ ಕ್ಯಾಮೆರಾವನ್ನು, ಬಾನೆಟ್ ನಡುವೆ ಕಾಣಲಿ ಎಂದು ಓರೆ ತಿರುಗಿಸುತ್ತಾರೆ. ಬೇಡ. 60 ಮೀಟರ್ ದೂರದಲ್ಲಿ 30 ಸೆಂ.ಮೀ. ಎಂದರೆ ಡಿಗ್ರಿಯ ಮೂರನೇ ಒಂದಂಶವೂ ಅಲ್ಲ. ಆದರೆ 5 ಡಿಗ್ರಿ ಓರೆ ಮಾಡಿದರೆ ಅಲ್ಲಿ ನೋಟ 5 ಮೀಟರಿಗಿಂತ ಹೆಚ್ಚು ಪಕ್ಕಕ್ಕೆ ಹೋಗುತ್ತದೆ, ಒಂದೂವರೆ ಲೇನು.

ಕೊನೆಗೆ ರಸ್ತೆಯ ಮೇಲಿನ ತಾಳೆ. ಹೆದ್ದಾರಿಯ ನೇರ ಭಾಗದಲ್ಲಿ ಎಂದಿನಂತೆ ಓಡಿಸಿ, ಮನೆಗೆ ಬಂದು ದಾಖಲೆ ನೋಡಿ. ಎಲ್ಲವೂ ಯಾವ ಒಂದು ಬಿಂದುವಿನಿಂದ ಹೊರಗೆ ಚೆಲ್ಲಿ ಬಂದಂತೆ ಕಾಣುತ್ತದೋ ಅದೇ ಗಾಡಿ ಹೋಗುತ್ತಿರುವ ದಿಕ್ಕು. ಅದು ಚಿತ್ರದ ನಟ್ಟನಡುವಿನ ನೆಟ್ಟನೆ ಗೆರೆಯಿಂದ, ಎಂದರೆ ಎಡದಿಂದ 960ನೇ ಪಿಕ್ಸೆಲಿನಿಂದ, 30 ಪಿಕ್ಸೆಲ್ ಒಳಗೆ ಇರಬೇಕು. ಗೋಡೆಯಲ್ಲಿ ಸರಿ ಇದ್ದು ಇಲ್ಲಿ ತಪ್ಪಿದರೆ ಗಾಡಿಯೇ ಓರೆ ಓಡುತ್ತಿದೆ. ಚಕ್ರದ ಅಲೈನ್‌ಮೆಂಟ್ ಮಾಡಿಸಿ.

"ಖಾಲಿ ಇದ್ದಾಗ ಸರಿ, ಜನ ತುಂಬಿದರೆ ತಪ್ಪುತ್ತದೆ"

ಹಿಂದೆ ಭಾರ ಬಿದ್ದರೆ ಮೂತಿ ಮೇಲೇಳುತ್ತದೆ. ಎರಡು ಅಚ್ಚುಗಳ ನಡುವೆ 2.7 ಮೀಟರ್ ಇರುವ ಗಾಡಿಯ ಹಿಂಭಾಗ 5 ಸೆಂ.ಮೀ. ತಗ್ಗಿದರೆ ಕ್ಯಾಮೆರಾ ಒಂದು ಡಿಗ್ರಿಗಿಂತ ತುಸು ಹೆಚ್ಚೇ ಮೇಲೆ ನೋಡುತ್ತದೆ. ದಿಗಂತದ ಸಾಲಿನಿಂದ ದೂರ ಲೆಕ್ಕ ಹಾಕುವ ಯಂತ್ರಕ್ಕೆ ಇದು ದೊಡ್ಡ ತಪ್ಪು: ದೂರದ ದನ ಹತ್ತಿರವಿದ್ದಂತೆ ತೋರುತ್ತದೆ. ಗೋಡೆಯ ಪರೀಕ್ಷೆಯನ್ನು ಗಾಡಿ ಎಂದಿನ ಹೊರೆಯಲ್ಲಿದ್ದಾಗಲೇ ಮಾಡಿ. ಅಡಿಕೆ ಚೀಲ ಹೇರುವ ಪಿಕಪ್ ಆದರೆ ಖಾಲಿ ಮತ್ತು ಭರ್ತಿ ಎರಡನ್ನೂ ಅಳೆದು ನಡುವಿನ ಕೋನ ಹಿಡಿಯಿರಿ. ಹೊರೆಯ ನಡುವೆ ವ್ಯತ್ಯಾಸ ಎರಡು ಡಿಗ್ರಿ ದಾಟಿದರೆ ಹಿಂದಿನ ಪಟ್ಟಾ ಅಥವಾ ಸ್ಪ್ರಿಂಗ್ ಕೂತಿದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಿ. ಅದೇ ಹೊರೆ ಹೆಡ್‌ಲೈಟನ್ನೂ ಮೇಲೆತ್ತಿ ಎದುರಿನವರ ಕಣ್ಣಿಗೆ ಹೊಡೆಸುತ್ತದೆ ಎಂಬುದೂ ಗಮನದಲ್ಲಿರಲಿ.

"ಘಟ್ಟದ ತಿರುವಿನಲ್ಲಿ ಎದುರಿನದು ಕಾಣುವುದೇ ಇಲ್ಲ"

ಅರಬೈಲ್, ದೇವಿಮನೆ, ಅಣಶಿ ಯಾವುದೇ ಘಟ್ಟವಿರಲಿ, ತಿರುವಿನಲ್ಲಿ ಗಾಡಿಯ ಮೂಗು ಒಂದು ಕಡೆ, ರಸ್ತೆ ಇನ್ನೊಂದು ಕಡೆ. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ 40ರ ವೇಗವಿದ್ದರೆ, ನಿಲ್ಲಲು ಬೇಕಾದ 32 ಮೀಟರ್ ಮುಂದಿನ ಜಾಗ ಮೂಗಿನಿಂದ 19 ಡಿಗ್ರಿ ಪಕ್ಕಕ್ಕಿರುತ್ತದೆ. 15 ಮೀಟರ್ ತ್ರಿಜ್ಯದ ಹೇರ್‌ಪಿನ್‌ನಲ್ಲಿ ವೇಗ 15ಕ್ಕಿಳಿದಿರುತ್ತದೆ, ನಿಲ್ಲಲು 9 ಮೀಟರ್ ಸಾಕು, ಆ ಜಾಗವೂ ಸುಮಾರು 17 ಡಿಗ್ರಿ ಪಕ್ಕದಲ್ಲೇ. ಎರಡೂ 60 ಡಿಗ್ರಿ ಲೆನ್ಸಿನ ಒಳಗೇ ಇವೆ. ಹೊರಗಿರುವುದು ನಾವು ಮೇಲೆ ಕತ್ತರಿಸಿದ ನಡುವಿನ ತುಂಡಿಗೆ ಮಾತ್ರ, ಅದು ಆಚೀಚೆ 11 ಡಿಗ್ರಿಗೇ ಮುಗಿಯುತ್ತದೆ.

ಹಾಗಾಗಿ ಕ್ಯಾಮೆರಾ ತಿರುಗಿಸುವ ಮೋಟಾರಿಗೆ ದುಡ್ಡು ಹಾಕುವ ಮೊದಲು ತುಂಡನ್ನು ತಿರುಗಿಸಿ. 640 ಅಗಲದ ಮೂರು ತುಂಡು ಪಕ್ಕಪಕ್ಕ ಇಟ್ಟರೆ ಸರಿಯಾಗಿ 1920 ಆಗುತ್ತದೆ. ನೇರ ರಸ್ತೆಯಲ್ಲಿ ನಡುವಿನದನ್ನಷ್ಟೇ ನೋಡಲಿ, ತಿರುವು ಬಂದಾಗ ಆ ಬದಿಯದ್ದನ್ನೂ ಸೇರಿಸಲಿ. ಅಂಚಿನಲ್ಲಿ ವಸ್ತು ಅರ್ಧ ತುಂಡಾಗದಂತೆ ಒಂದರ ಮೇಲೊಂದು 80 ಪಿಕ್ಸೆಲ್ ಹಾಯುವಂತೆ ಇಟ್ಟುಕೊಂಡರೆ ಇನ್ನೂ ಉತ್ತಮ. ತಿರುವು ತಿಳಿಯಲು ಯಂತ್ರದ ಒಳಗಿನ ಗೈರೊ (ತಿರುಗುವ ವೇಗ ಅಳೆಯುವ ಭಾಗ) ಸಾಕು: ಗಾಡಿ ಸೆಕೆಂಡಿಗೆ ಎಷ್ಟು ಡಿಗ್ರಿ ತಿರುಗುತ್ತಿದೆಯೋ ಅದನ್ನು ನಿಲ್ಲುವ ದೂರದಿಂದ ಗುಣಿಸಿ, ವೇಗದ ಎರಡರಷ್ಟರಿಂದ ಭಾಗಿಸಿದರೆ ನೋಡಬೇಕಾದ ಕೋನ ಸಿಗುತ್ತದೆ. ವೇಗ ಸೆಕೆಂಡಿಗೆ ಮೀಟರಿನಲ್ಲಿರಲಿ.

ಏರು ಮುಗಿದು ಇಳಿಜಾರು ಶುರುವಾಗುವಲ್ಲಿಯೂ ಹೀಗೆ. ಇಳುಕಲು ನೂರಕ್ಕೆ ಆರರಷ್ಟು ಬದಲಾದರೆ ಮುಂದಿನ ರಸ್ತೆ ಸುಮಾರು 100 ಪಿಕ್ಸೆಲ್ ಮೇಲೋ ಕೆಳಗೋ ಸರಿಯುತ್ತದೆ. ತುಂಡಿನ ಎತ್ತರ 640 ಇದ್ದರೆ ತೊಂದರೆಯಿಲ್ಲ. ವೇಗ ಹೆಚ್ಚಿಸಲು ಅದನ್ನು 200ಕ್ಕೆ ಇಳಿಸಿದವರಿಗೆ ಘಟ್ಟದಲ್ಲಿ ಎಚ್ಚರಿಕೆ ಬರುವುದಿಲ್ಲ.

ತಿರುವಿನ ಒಳಬದಿಯ ಧರೆಯ ಆಚೆಗೆ ಯಾವ ಕ್ಯಾಮೆರಾವೂ ನೋಡಲಾರದು. ಅಲ್ಲಿ ಹಾರ್ನು ಮತ್ತು ನಿಧಾನವೇ ಬೇಕು. ಪರದೆ ಖಾಲಿ ಇದೆಯೆಂದು ಓವರ್‌ಟೇಕ್ ಮಾಡಬೇಡಿ.

"ಬದಿಯ ಕ್ಯಾಮೆರಾದಲ್ಲಿ ಎಲ್ಲ ಗೆರೆ ಎಳೆದಂತೆ ಮಸುಕು"

ಕಾಡಂಚಿನ ರಸ್ತೆಯಲ್ಲಿ ಪ್ರಾಣಿ, ಬಿದ್ದ ಮರ, ಕಿತ್ತ ಫಲಕ ದಾಖಲಿಸಲು ಬದಿಗೆ ಕ್ಯಾಮೆರಾ ಇಟ್ಟವರ ದೂರು ಇದು. ದೋಷ ಲೆನ್ಸಿನದ್ದಲ್ಲ, ಸರಿಯಾಗಿ 90 ಡಿಗ್ರಿಗೆ ಮುಖ ಮಾಡಿದ್ದರದ್ದು. 40ರ ವೇಗದಲ್ಲಿ, 5 ಮೀಟರ್ ಆಚೆಯ ವಸ್ತು, ಶಟರ್ 1/100 ಸೆಕೆಂಡು ಇದ್ದರೆ ನಟ್ಟಬದಿಗೆ ನೋಡುವ ಕ್ಯಾಮೆರಾದಲ್ಲಿ 37 ಪಿಕ್ಸೆಲ್ ಎಳೆಯುತ್ತದೆ. 45 ಡಿಗ್ರಿ ಮುಂದಕ್ಕೆ ತಿರುಗಿಸಿದರೆ ಅದೇ ನಡುಭಾಗದಲ್ಲಿ 18, ಪ್ರಯಾಣದ ದಿಕ್ಕಿನಿಂದ 30 ಡಿಗ್ರಿಗೆ ತಂದರೆ 9.

ಇನ್ನೊಂದು ಲಾಭವೂ ಇದೆ. ನಟ್ಟಬದಿಯ ನೋಟದಲ್ಲಿ ಆ ವಸ್ತು ಅರ್ಧ ಸೆಕೆಂಡು ಮಾತ್ರ ಕಾಣುತ್ತದೆ; 45ರಲ್ಲಿ ಒಂದೂವರೆ ಸೆಕೆಂಡು. ಸೆಕೆಂಡಿಗೆ ಹತ್ತು ಚಿತ್ರ ನೋಡುವ ಯಂತ್ರಕ್ಕೆ ಐದು ಅವಕಾಶದ ಬದಲು ಹದಿನೈದು. ಹಾಗೆಂದು 15–20 ಡಿಗ್ರಿಗೆ ತರಬೇಡಿ. ಅಷ್ಟು ಓರೆಯಿಂದ ನೋಡಿದರೆ ಮರಗಳ ಕಾಂಡಗಳೆಲ್ಲ ಒಂದಕ್ಕೊಂದು ಸೇರಿ ಗೋಡೆಯಾಗುತ್ತವೆ, ಸಂದಿನಲ್ಲಿ ನಿಂತ ಜಿಂಕೆ ಮರೆಯಾಗುತ್ತದೆ. ತೆರೆದ ಕರಾವಳಿಯಲ್ಲಿ 40–45, ದಟ್ಟ ಕಾಡಿನಲ್ಲಿ 60 ಡಿಗ್ರಿ ನಮ್ಮ ಸಲಹೆ. ಹಗಲಿನಲ್ಲಿ ಶಟರ್ 1/500ಕ್ಕೆ ತನ್ನಿ, ಮಸುಕು ಐದರಲ್ಲೊಂದು ಭಾಗಕ್ಕಿಳಿಯುತ್ತದೆ. ಮರದ ನೆರಳಿನಲ್ಲಿ ಅದಕ್ಕೆ ಬೆಳಕು ಸಾಲದಿದ್ದರೆ ವೇಗ ತಗ್ಗಿಸುವುದೇ ದಾರಿ.

ಮಸುಕು ಅಡ್ಡಡ್ಡ ಗೆರೆಯಾಗಿರದೆ ಕಂಬಗಳು ಹಾವಿನಂತೆ ನುಲಿದು ಕಂಡರೆ ಅದು ಬೇರೆ ಕಾಯಿಲೆ: ಬ್ರಾಕೆಟ್ ನಡುಗುತ್ತಿದೆ. ಕೈ ಉದ್ದವಿದ್ದರೆ ಗಿಡ್ಡ ಮಾಡಿ.

"ಸಂಜೆ ಹೊತ್ತು ಮಾತ್ರ ಕುರುಡು", "ಇಲ್ಲದ ಮನುಷ್ಯನನ್ನು ತೋರಿಸುತ್ತದೆ"

ಕತಗಾಲದಿಂದ ಕುಮಟೆಗೆ ಸಂಜೆ ಇಳಿದರೆ ಸೂರ್ಯ ನೇರ ಎದುರಿಗೆ. ಆಕಾಶದ ಬೆಳಕಿಗೆ ತಕ್ಕಂತೆ ಕ್ಯಾಮೆರಾ ತನ್ನನ್ನು ಹೊಂದಿಸಿಕೊಂಡು ರಸ್ತೆಯನ್ನು ಕಪ್ಪು ಮಾಡುತ್ತದೆ. ಬೆಳಕು ಅಳೆಯುವ ಜಾಗವನ್ನು ದಿಗಂತದ ಕೆಳಗಿನ ಭಾಗಕ್ಕೆ ಸೀಮಿತಗೊಳಿಸಿ. ಆ ಆಯ್ಕೆ ಇಲ್ಲದಿದ್ದರೆ ಮೂಗನ್ನು 5 ಡಿಗ್ರಿಯವರೆಗೆ ಇಳಿಸಬಹುದು, ಅದಕ್ಕಿಂತ ಹೆಚ್ಚು ಬೇಡ. ಲೆನ್ಸಿನ ಮೇಲೆ ಕಪ್ಪು ಮೋಟು ಚಾಚು ಕೊಟ್ಟರೂ ಉಪಯೋಗವಿದೆ.

ಇಲ್ಲದ ಮನುಷ್ಯ ಕಾಣುವುದು ಹೆಚ್ಚಾಗಿ ಗಾಜಿನ ಪ್ರತಿಬಿಂಬ. ಡ್ಯಾಶ್‌ಬೋರ್ಡಿನ ಮೇಲಿನ ದೇವರ ಮೂರ್ತಿ, ಹೂಮಾಲೆ ಗಾಜಿನಲ್ಲಿ ಮೂಡಿ ರಸ್ತೆಯ ಮೇಲೆ ನಿಂತಂತೆ ಕಾಣುತ್ತದೆ. ಮೂರ್ತಿಯನ್ನು ಕ್ಯಾಮೆರಾದ ಎದುರಿನಿಂದ ಒಂದು ಪಕ್ಕಕ್ಕೆ ಸರಿಸಿ, ಡ್ಯಾಶ್‌ಬೋರ್ಡಿಗೆ ಹೊಳಪಿಲ್ಲದ ಕಪ್ಪು ಬಟ್ಟೆ ಹಾಸಿ. ಅದು ಏರ್‌ಬ್ಯಾಗಿನ ಮುಚ್ಚಳ ಮುಚ್ಚಬಾರದು. ಸಾಲದಿದ್ದರೆ ಪೋಲರೈಜರ್ ಫಿಲ್ಟರ್ ಇದೆ, ಆದರೆ ಅದು ಅರ್ಧಕ್ಕಿಂತ ಹೆಚ್ಚು ಬೆಳಕು ತಿನ್ನುವುದರಿಂದ ರಾತ್ರಿ ತೆಗೆಯಬೇಕಾಗುತ್ತದೆ.

ಮಳೆ, ರಾತ್ರಿ

ಕ್ಯಾಮೆರಾ ವೈಪರ್ ಒರೆಸುವ ಜಾಗದೊಳಗೆ ಇದೆಯೇ ನೋಡಿ. ಕನ್ನಡಿಯ ಹಿಂದೆ ಕೂರಿಸುವುದು ಇದಕ್ಕೇ. ಒಳಗೆ ಮಂಜು ಕೂತರೆ ಎ.ಸಿ. ಗಾಳಿಯನ್ನು ಗಾಜಿಗೆ ಬಿಡಿ. ಕ್ಯಾಮೆರಾದ ಇನ್‌ಫ್ರಾರೆಡ್ ದೀಪ ಗಾಜಿನ ಹಿಂದಿದ್ದರೆ ಆರಿಸಿ, ಅದರ ಬೆಳಕು ಗಾಜಿಗೆ ಬಡಿದು ಮರಳಿ ಲೆನ್ಸಿಗೇ ಬೀಳುತ್ತದೆ.

ಒದ್ದೆ ಡಾಂಬರಿನ ಮೇಲೆ ಮಲಗಿದ ಕಪ್ಪು ಎಮ್ಮೆ ಮಾತ್ರ ಯಾವ ಕೋನಕ್ಕೂ ಸುಲಭವಾಗಿ ಸಿಗುವುದಿಲ್ಲ. ಹೆಡ್‌ಲೈಟಿನ ಬೆಳಕು ಒದ್ದೆ ರಸ್ತೆಗೆ ತಾಗಿ ಮುಂದಕ್ಕೇ ಜಾರಿಹೋಗುತ್ತದೆ, ಕ್ಯಾಮೆರಾಕ್ಕೆ ಮರಳುವುದು ಅತ್ಯಲ್ಪ. ಡಿಪ್ ಬೆಳಕು ಮುಟ್ಟುವಷ್ಟು ದೂರದಲ್ಲಿ ನಿಲ್ಲಿಸಲು ಸಾಧ್ಯವಾಗುವ ವೇಗ 40ರ ಆಸುಪಾಸು. ರಾತ್ರಿ ಮಳೆಯಲ್ಲಿ ಅದನ್ನು ಮೀರಿದರೆ ಎಚ್ಚರಿಕೆ ಬಂದರೂ ಉಪಯೋಗಕ್ಕೆ ಬರುವುದಿಲ್ಲ.

ಯಾವಾಗ ಬಲ್ಲವರ ಬಳಿ ಹೋಗಬೇಕು

ಗೋಡೆಯ ಪರೀಕ್ಷೆ ಸರಿಯಾಗಿ, ಎರಡು ದಿನದಲ್ಲಿ ದಿಗಂತ ಮತ್ತೆ 30 ಪಿಕ್ಸೆಲ್ ಸರಿದಿದ್ದರೆ, ಬ್ರಾಕೆಟ್ ಗಟ್ಟಿ ಇದ್ದರೂ ಒಳಗಿನ ಲೆನ್ಸೇ ಸಡಿಲಾಗಿರಬಹುದು. ಬಿಚ್ಚಬೇಡಿ, ಅಂಗಡಿಗೆ ಕೊಡಿ. ಲೆನ್ಸಿನ ಒಳಗೆ ನೀರಹನಿ ಕಂಡರೂ ಹಾಗೇ. ಗಾಡಿಯ ಮುಂದಿನ ಗಾಜಿನ ಬದಿಯ ಕಂಬದ ಒಳಗೆ ವೈರು ಎಳೆಯಬೇಕಾದರೆ ಅಲ್ಲಿ ಪರದೆ ಏರ್‌ಬ್ಯಾಗ್ ಇದೆಯೇ ಎಂದು ತಿಳಿದ ವೈರ್‌ಮನ್ ಕೈಯಲ್ಲೇ ಮಾಡಿಸಿ. ಏರ್‌ಬ್ಯಾಗಿನ ಮುಂದೆ ಹಾಯಿಸಿದ ವೈರು ಅದು ತೆರೆಯುವ ಹೊತ್ತಿಗೆ ಅಡ್ಡವಾಗುತ್ತದೆ. ಸುಟ್ಟ ವಾಸನೆ ಬಂದರೆ, ಕ್ಯಾಮೆರಾ ಮುಟ್ಟಲಾಗದಷ್ಟು ಬಿಸಿಯಾದರೆ ಪ್ಲಗ್ ಕಿತ್ತು ಅಂದೇ ತೋರಿಸಿ.

ಹೋಗುವಾಗ ಮೂರು ವಿಷಯ ಬರೆದುಕೊಂಡು ಹೋಗಿ: ಗೋಡೆಯ ಮುಂದೆ ತೆಗೆದ ಚಿತ್ರ, ನೇರ ರಸ್ತೆಯ ಒಂದು ನಿಮಿಷದ ದಾಖಲೆ, ದನ ತಪ್ಪಿದ ಹೊತ್ತಿನ ವೇಗ ಮತ್ತು ಹೊರೆ. ಇವಿಷ್ಟಿದ್ದರೆ ರಿಪೇರಿಯವರು ಕೋನದ ತಪ್ಪನ್ನೂ ಯಂತ್ರದ ತಪ್ಪನ್ನೂ ಗಾಡಿ ಹತ್ತದೆಯೇ ಬೇರೆ ಮಾಡಬಲ್ಲರು.